ಟೆಕ್ಸಾಸ್‌ನಲ್ಲಿ ಹ್ಯಾಂಡ್‌ಗನ್ ಲೈಸೆನ್ಸ್: ಗ್ರೀನ್ ಕಾರ್ಡ್ ಬಂದಿದೆ, ಅರ್ಜಿ ಹಾಕಬಹುದಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಫ್ರಿಸ್ಕೋಗೆ ಬಂದು ಆರು ವರ್ಷ ಆಯ್ತು. ಹೋದ ತಿಂಗಳು ನನಗೂ ಹೆಂಡತಿಗೂ ಗ್ರೀನ್ ಕಾರ್ಡ್ ಬಂತು. ನನ್ನದು ರಾತ್ರಿ ಪಾಳಿ, ಎರಡು ಗಂಟೆಗೆ ಹೊರಗೆ ಬಂದರೆ ಪಾರ್ಕಿಂಗ್ ಲಾಟ್‌ನಲ್ಲಿ ನಂದೊಂದೇ ಕಾರು. ಈ ವರ್ಷ ಎರಡು ಸಲ ಯಾರೋ ಬಂದು ಗಾಜು ಬಡಿದರು. ಏನೂ ಆಗಲಿಲ್ಲ, ಆದ್ರೆ ಮನೆ ತಲುಪೋವರೆಗೂ ಕೈ ನಡುಗ್ತಿತ್ತು.

ಒಂದು ಪಿಸ್ತೂಲು ತಗೊಂಡು ಲೈಸೆನ್ಸ್ ಮಾಡಿಸೋಣ ಅಂತಿದೀನಿ. ಆಫೀಸಲ್ಲಿ ಒಬ್ಬ ಈಗ ಲೈಸೆನ್ಸೇ ಬೇಡ ಅಂತಾನೆ, ಇನ್ನೊಬ್ಬ ಸಿಟಿಜನ್ ಆಗದೆ ಮುಟ್ಟಂಗೇ ಇಲ್ಲ ಅಂತಾನೆ. ಯಾವುದು ನಿಜ? ನನ್ನ ಮೇಲೆ ಎರಡು ಸ್ಪೀಡಿಂಗ್ ಟಿಕೆಟ್ ಬಿಟ್ಟು ಬೇರೇನೂ ಇಲ್ಲ. ಮುಂದಿನ ತಿಂಗಳು ಅಪ್ಪ ಅಮ್ಮ ದಾವಣಗೆರೆಯಿಂದ ಬರ್ತಾರೆ, ಅದರಿಂದ ಏನಾದ್ರೂ ತೊಂದರೆ ಉಂಟಾ?

ಕೇಪಿನಕೋವಿ:

ಇಬ್ಬರೂ ಅರ್ಧರ್ಧ ಹೇಳಿದ್ದಾರೆ ಮಾರಾಯ್ರೆ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ತುಂಬಿದವರು, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದವರು, ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಹೋಲ್‌ಸ್ಟರ್‌ನಲ್ಲಿ ಇಟ್ಟುಕೊಂಡು ಓಡಾಡಬಹುದು. ಆದರೆ ಈ 'ಅಡ್ಡಿ ಇಲ್ಲದವರು' ಅನ್ನೋ ಮಾತಲ್ಲೇ ನಮ್ಮವರು ಎಡವೋದು. ಎಚ್-1ಬಿ, ಎಚ್-4, ಎಫ್-1, ಬಿ-2, ಇಂಥ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದೋದು ಫೆಡರಲ್ ಕಾನೂನಿನಲ್ಲಿ ಅಪರಾಧ. ಊರ್ಜಿತದಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡಿನವರಿಗೆ ಈ ನಿರ್ಬಂಧ ಇಲ್ಲ. ಹಾಗಾಗಿ ನೀವೂ ಅರ್ಹರು, ನಿಮ್ಮ ಮನೆಯವರೂ ಅರ್ಹರು.

ಅಪ್ಪ ಅಮ್ಮನ ವಿಷಯ ನೀವೇ ಕೇಳಿದ್ದು ಒಳ್ಳೇದಾಯ್ತು. ಅವರು ವಿಸಿಟರ್ ವೀಸಾದವರು. ಸೇಫ್ ತಗೊಳ್ಳಿ, ಅದರ ನಂಬರ್ ಅಪ್ಪನಿಗೆ ಹೇಳಬೇಡಿ. 'ಎಲ್ಲಿ, ಕೊಡೋ ನೋಡೋಣ' ಅಂತ ಅವರು ಕೇಳೇ ಕೇಳ್ತಾರೆ. ನಮ್ಮಪ್ಪನೂ ಕೇಳಿದ್ದರು. ತೀರ್ಥಹಳ್ಳಿ ಕಡೆ ತೋಟದ ಮನೇಲಿ ಹಂದಿ ಕಾಯೋಕೆ ಜೋಡಿ ನಳಿಗೆ ಕೋವಿ ಇಟ್ಟುಕೊಂಡವರು, ಚುನಾವಣೆ ಬಂದಾಗೆಲ್ಲ ಅದನ್ನ ಠಾಣೆಗೆ ಒಪ್ಪಿಸಿ ರಸೀತಿ ತಂದವರು. ಅವರಿಗೆ 'ಮುಟ್ಟಬೇಡಿ' ಅನ್ನೋದು ಎಷ್ಟು ಕಷ್ಟ ನೋಡಿ. ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ಇನ್ನು ಲೈಸೆನ್ಸ್. ಇಲ್ಲಿ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಅಂತಾರೆ, ಕೊಡೋದು ರಾಜ್ಯದ ಡಿಪಿಎಸ್, ಅಂದ್ರೆ ಸಾರ್ವಜನಿಕ ಸುರಕ್ಷತಾ ಇಲಾಖೆ. ಫೆಲನಿ, ಅಂದ್ರೆ ಗಂಭೀರ ಅಪರಾಧದ ಶಿಕ್ಷೆ ಆಗಿರಬಾರದು, ಕಳೆದ ಐದು ವರ್ಷದಲ್ಲಿ ಕ್ಲಾಸ್ ಎ ಅಥವಾ ಬಿ ದರ್ಜೆಯ ಮಿಸ್‌ಡಿಮೀನರ್ (ಅದಕ್ಕಿಂತ ಸಣ್ಣ ಅಪರಾಧ) ಶಿಕ್ಷೆಯೂ ಇರಬಾರದು. ಪ್ರೊಟೆಕ್ಟಿವ್ ಆರ್ಡರ್ (ಇನ್ನೊಬ್ಬರ ರಕ್ಷಣೆಗೆ ಕೋರ್ಟ್ ನಿಮ್ಮ ಮೇಲೆ ಹೊರಡಿಸಿದ ಆದೇಶ), ಮಕ್ಕಳ ಜೀವನಾಂಶದ ಬಾಕಿ, ರಾಜ್ಯದ ತೆರಿಗೆ ಬಾಕಿ, ಇವೂ ಅಡ್ಡ ಬರುತ್ತವೆ. ನಿಮ್ಮ ಸ್ಪೀಡಿಂಗ್ ಟಿಕೆಟ್‌ಗಳು ಕ್ಲಾಸ್ ಸಿ, ತೀರಾ ಸಣ್ಣ ದರ್ಜೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅರ್ಜಿ ಆನ್‌ಲೈನ್, ಶುಲ್ಕ 40 ಡಾಲರ್. ಬೆರಳಚ್ಚಿಗೆ, ತರಗತಿಗೆ ಬೇರೆ. ಬೆರಳಚ್ಚಲ್ಲಿ ನನಗೆ ಆದದ್ದು ಹೇಳ್ತೀನಿ. ಯಂತ್ರದ ಮೇಲೆ ಹೆಬ್ಬೆಟ್ಟು ಎಷ್ಟು ಒತ್ತಿದರೂ ಗೆರೆ ಮೂಡ್ತಿಲ್ಲ. ಆ ಹುಡುಗಿ ಲೋಷನ್ ಹಚ್ಚಿಸಿದಳು, ಒರೆಸಿದಳು, ಮತ್ತೆ ಒತ್ತಿಸಿದಳು. 'ಏನು ಕೆಲಸ ಮಾಡ್ತೀರಿ ನೀವು?' ಅಂದಳು. ಸಾಫ್ಟ್‌ವೇರ್ ಅಂದ್ರೆ ನಂಬಲಿಲ್ಲ. ಹದಿನೆಂಟು ವರ್ಷ ಅಡಿಕೆ ಸುಲಿದ ಕೈ ಅಂತ ಅವಳಿಗೆ ಹೇಗೆ ಹೇಳೋದು! ಐದನೇ ಸಲಕ್ಕೆ ಬಂತು.

ತರಗತಿ ನಾಲ್ಕರಿಂದ ಆರು ಗಂಟೆ. ಅದರಲ್ಲಿ ಬಹುಪಾಲು ಬಂದೂಕಿನ ಮಾತೇ ಅಲ್ಲ, ಯಾವಾಗ ಬಲ ಪ್ರಯೋಗಿಸಬಹುದು, ಜಗಳ ಹೇಗೆ ತಣ್ಣಗಾಗಿಸಬೇಕು, ಮಕ್ಕಳ ಕೈಗೆ ಸಿಗದಂತೆ ಹೇಗೆ ಇಡಬೇಕು ಅನ್ನೋದು. ಲಿಖಿತ ಪರೀಕ್ಷೆ ಒಂದು. ಆಮೇಲೆ ರೇಂಜ್‌ನಲ್ಲಿ 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250ಕ್ಕೆ 175 ಬಂದರೆ ಪಾಸು. ಮೂರು ಗಜದಲ್ಲಿ ಯಾರು ಬೇಕಾದರೂ ಹೊಡೀತಾರೆ. ಹದಿನೈದಕ್ಕೆ ಹೋದಾಗ ಟ್ರಿಗರ್ ಎಳೆಯೋ ಮೊದಲೇ ಸದ್ದಿಗೆ ಹೆದರಿ ಮಣಿಕಟ್ಟು ಕೆಳಗೆ ಕುಸಿಯುತ್ತೆ, ಗುಂಡು ಗುರಿಚಿತ್ರದ ಹೊಟ್ಟೆಯ ಕೆಳಗೆ ಬೀಳುತ್ತೆ. ನನಗೆ 231. ನಮ್ಮನೆಯವಳಿಗೆ 243. ಆ ಹನ್ನೆರಡು ಅಂಕ ಇವತ್ತಿಗೂ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದೆ.

ಎಲ್ಲ ಕಾಗದ ತಲುಪಿದ ಮೇಲೆ ಡಿಪಿಎಸ್‌ಗೆ 60 ದಿನ ಸಮಯ. ನನಗೆ ಐದನೇ ವಾರಕ್ಕೆ ಬಂತು. ಮೊದಲ ಸಲ ನಾಲ್ಕು ವರ್ಷಕ್ಕೆ, ನವೀಕರಿಸಿದರೆ ಐದು ವರ್ಷಕ್ಕೆ.

ರಾತ್ರಿಪಾಳಿ:

ತುಂಬಾ ಥ್ಯಾಂಕ್ಸ್ ಸರ್. ಆದ್ರೆ ಲೈಸೆನ್ಸ್ ಇಲ್ಲದೆಯೇ ನಡೆಯುತ್ತೆ ಅಂದ್ಮೇಲೆ ಇಷ್ಟೆಲ್ಲ ಯಾಕೆ?

ಕೇಪಿನಕೋವಿ:

ಮಗುವನ್ನ ಶಾಲೆಗೆ ಬಿಡೋಕೆ ಹೋಗ್ತೀರಲ್ಲ, ಅದಕ್ಕೆ. ಶಾಲೆಯ ಗಡಿಯಿಂದ 1,000 ಅಡಿ ಒಳಗೆ ಬಂದೂಕು ಒಯ್ಯೋದು ಫೆಡರಲ್ ಅಪರಾಧ. ಅದೇ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. 2021ರ ಕಾನೂನು ಟೆಕ್ಸಾಸ್‌ನದ್ದು, ಅದು ಫೆಡರಲ್ ಕಾನೂನನ್ನ ಅಳಿಸಲ್ಲ. ಫ್ರಿಸ್ಕೋದಲ್ಲಿ ಶಾಲೆಯ 1,000 ಅಡಿ ತಪ್ಪಿಸಿಕೊಂಡು ಕಾರು ಓಡಿಸಿ ತೋರಿಸಿ ನೋಡೋಣ! ಹಾಗಂತ ಲೈಸೆನ್ಸ್ ಇದ್ದರೂ ಶಾಲೆಯ ಕಟ್ಟಡದೊಳಗೆ ಒಯ್ಯಂಗಿಲ್ಲ.

ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ 4473 ಅನ್ನೋ ಫೆಡರಲ್ ಫಾರ್ಮ್ ತುಂಬಲೇಬೇಕು, ಆದರೆ ಎಲ್‌ಟಿಸಿ ತೋರಿಸಿದರೆ ಕೌಂಟರ್‌ನಲ್ಲಿ ಹಿನ್ನೆಲೆ ತಪಾಸಣೆಗೆ ಕಾಯೋದು ತಪ್ಪುತ್ತೆ.

ಅಂಗಡಿ, ಹೋಟೆಲುಗಳ ಬಾಗಿಲ ಬೋರ್ಡುಗಳನ್ನ ಓದೋದು ಕಲೀರಿ, ಅದರಲ್ಲಿರೋ ನಂಬರ್ ಟೆಕ್ಸಾಸ್ ಕಾನೂನಿನ ಕಲಂ. 30.06 ಅಂದ್ರೆ ಲೈಸೆನ್ಸ್ ಇದ್ದವರೂ ಮುಚ್ಚಿಟ್ಟುಕೊಂಡು ಒಳಗೆ ಬರಬಾರದು, 30.07 ಅಂದ್ರೆ ಕಾಣುವಂತೆ ತರಬಾರದು. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ, ಒಂದು ಇಂಚು ಎತ್ತರದ ಅಕ್ಷರದಲ್ಲಿ ಇರುತ್ತೆ. ಬಾರ್ ಬಾಗಿಲಲ್ಲಿ ಕೆಂಪಗೆ 51% (ಆದಾಯದ ಬಹುಪಾಲು ಅಲ್ಲೇ ಕುಡಿಯೋ ಮದ್ಯದಿಂದ ಅಂತ ಅರ್ಥ) ಅಂತ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ, ಒಳಗೆ ಹೋದ್ರೆ ಫೆಲನಿ. ಗ್ರೀನ್ ಕಾರ್ಡಿನವರಿಗೆ ಬಂದೂಕಿನ ಅಪರಾಧದಲ್ಲಿ ಶಿಕ್ಷೆ ಆದರೆ ಗಡೀಪಾರಿಗೆ ಅದೇ ಕಾರಣ ಆಗುತ್ತೆ. ಸಿಟಿಜನ್ ದಂಡ ಕಟ್ಟಿ ಮನೆಗೆ ಹೋಗೋ ಕಡೆ ನಾವು ಊರಿಗೇ ಹೋಗಬೇಕಾದೀತು.

ಪೊಲೀಸರು ನಿಲ್ಲಿಸಿ ಐಡಿ ಕೇಳಿದರೆ, ಪಿಸ್ತೂಲು ಜೊತೆಗಿದ್ದಾಗ ಡ್ರೈವರ್ ಲೈಸೆನ್ಸ್ ಜೊತೆ ಎಲ್‌ಟಿಸಿಯನ್ನೂ ಕೊಡಬೇಕು. ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಒಂದೇ_ಪೆಗ್:

ಸರ್, ನನಗೆ 2022ರಲ್ಲಿ ಡಿಡಬ್ಲ್ಯುಐ (ಕುಡಿದು ಕಾರು ಓಡಿಸಿದ್ದು) ಶಿಕ್ಷೆ ಆಗಿತ್ತು, ಮೊದಲನೇ ಸಲ. ಸಿಗುತ್ತಾ?

ಕೇಪಿನಕೋವಿ:

ಮೊದಲ ಡಿಡಬ್ಲ್ಯುಐ ಸಾಮಾನ್ಯವಾಗಿ ಕ್ಲಾಸ್ ಬಿ. ಶಿಕ್ಷೆಯಾದ ದಿನದಿಂದ ಐದು ವರ್ಷ ತುಂಬಲಿ. ಅರ್ಜಿಯಲ್ಲಿ ಮಾತ್ರ ಮುಚ್ಚಿಡಬೇಡಿ. ನಿಮ್ಮ ಹೆಸರಿಗಂತೂ ನಾನು ಏನೂ ಹೇಳಲ್ಲ.

ತುಂಗೆಯ_ಮಗಳು:

ಒಂದು ಮಾತು ಸೇರಿಸ್ತೀನಿ. ರೇಂಜ್‌ಗೆ ಒಯ್ಯೋ ಬ್ಯಾಗನ್ನ ಊರಿಗೆ ಹೋಗುವಾಗ ಬಳಸಲೇಬೇಡಿ. ಹೋದ ಸಲ ಪ್ಯಾಕ್ ಮಾಡುವಾಗ ನಮ್ಮ ಬ್ಯಾಕ್‌ಪ್ಯಾಕ್‌ನ ಒಳ ಹೊಲಿಗೆ ಹತ್ತಿರ ಏನೋ ಗಟ್ಟಿ ಸಿಕ್ತು. ಹರಿದ ಲೈನಿಂಗ್ ಒಳಗೆ ಬೆರಳು ಹಾಕಿದರೆ ಒಂದು 9 ಎಂಎಂ ತೋಟಾ, ಬೆಚ್ಚಗೆ ಮಲಗಿತ್ತು. ಭಾರತದ ವಿಮಾನ ನಿಲ್ದಾಣದಲ್ಲಿ ಅದು ಸಿಕ್ಕಿದ್ರೆ ಆರ್ಮ್ಸ್ ಆ್ಯಕ್ಟ್ ಕೇಸು. ಗೊತ್ತಿಲ್ಲದೆ ಉಳಿದಿತ್ತು ಅಂತ ಕೋರ್ಟಿನಲ್ಲಿ ಸಾಬೀತು ಮಾಡೋ ಹೊತ್ತಿಗೆ ರಜೆ ಮುಗಿದಿರುತ್ತೆ, ಪಾಸ್‌ಪೋರ್ಟ್ ಎಲ್ಲಿರುತ್ತೋ.

ರಾತ್ರಿಪಾಳಿ:

ಅಯ್ಯೋ. ಒಂದು ವಿಷಯ ಹೇಳಿರಲಿಲ್ಲ. 2019ರಲ್ಲಿ, ನಾನಿನ್ನೂ ಎಚ್-1ಬಿಯಲ್ಲಿದ್ದಾಗ, ಆಫೀಸಿನವರೆಲ್ಲ ಟೀಮ್ ಔಟಿಂಗ್ ಅಂತ ಒಂದು ರೇಂಜ್‌ಗೆ ಕರ್ಕೊಂಡು ಹೋಗಿದ್ರು. ನಾನೂ ಒಂದು ಮ್ಯಾಗಜಿನ್ ಖಾಲಿ ಮಾಡಿದ್ದೆ.

ಕೇಪಿನಕೋವಿ:

ಬೇಟೆ ಲೈಸೆನ್ಸ್ ಇತ್ತಾ?

ರಾತ್ರಿಪಾಳಿ:

ನಾನು ಸಸ್ಯಾಹಾರಿ ಸರ್.

ಕೇಪಿನಕೋವಿ:

ಹಾಗಾದ್ರೆ ತರಗತಿಗೆ ದುಡ್ಡು ಕಟ್ಟೋ ಮೊದಲು ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಅರ್ಧ ಗಂಟೆ ಕೂತು ಇದನ್ನ ಹೇಳಿ. ಇಲ್ಲಿ ಇನ್ನೇನೂ ಬರೆಯಬೇಡಿ.