ಡಿಸ್ನಿ ವರ್ಲ್ಡ್: ಊಟದ ಬುಕಿಂಗ್‌ಗೂ ಓಡಾಟಕ್ಕೂ ತಾಳೆ ಆಗ್ತಿಲ್ಲ, ಸಲಹೆ ಬೇಕು

ತುಂಗಾತೀರ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ವಾರ ಆರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಏಳು ವರ್ಷದ ಮಗಳು, ಜೊತೆಗೆ ಶಿವಮೊಗ್ಗದಿಂದ ಬಂದಿರುವ ಅಪ್ಪ ಅಮ್ಮ. ಉಳಿಯುವುದು ಪಾಪ್ ಸೆಂಚುರಿ ರೆಸಾರ್ಟ್‌ನಲ್ಲಿ. ಕಾರು ಬಾಡಿಗೆಗೆ ತಗೊಳ್ತಿಲ್ಲ. ಡಿಸ್ನಿಯವರ ಬಸ್ಸು, ಸ್ಕೈಲೈನರ್ (ತಂತಿ ಮೇಲೆ ಹೋಗುವ ಕೇಬಲ್ ಕಾರು) ಇವೇ ಗತಿ.

ರೆಸಾರ್ಟ್‌ನಲ್ಲಿ ಉಳಿಯುವವರಿಗೆ 60 ದಿನ ಮೊದಲೇ ಇಡೀ ಪ್ರವಾಸದ ಟೇಬಲ್ ಬುಕ್ ಮಾಡಲು ಬಿಡ್ತಾರಲ್ಲ, ಆ ದಿನ ಬೆಳಿಗ್ಗೆ ಕೂತು ಸಿಕ್ಕಿದ್ದನ್ನೆಲ್ಲ ಹಿಡಿದಿದ್ದೇನೆ. ನಾಲ್ಕು ಪಾರ್ಕ್‌ಗಳಿಗೆ ದಿನಕ್ಕೊಂದರಂತೆ ಈಗ ಇರುವುದು ಹೀಗೆ:

ಮ್ಯಾಜಿಕ್ ಕಿಂಗ್‌ಡಮ್ ದಿನ: ಮಧ್ಯಾಹ್ನ 12:30ಕ್ಕೆ ಬಿ ಅವರ್ ಗೆಸ್ಟ್ ರೆಸ್ಟೋರೆಂಟ್, ಸಂಜೆ 6ಕ್ಕೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನೋ ರೆಸಾರ್ಟ್‌ನ ಸನಾ ರೆಸ್ಟೋರೆಂಟ್, ಆಮೇಲೆ ಪಟಾಕಿ ನೋಡಲು ವಾಪಸ್ ಮ್ಯಾಜಿಕ್ ಕಿಂಗ್‌ಡಮ್.
ಎಪ್ಕಾಟ್ ದಿನ: ಬೆಳಿಗ್ಗೆ 8:30ಕ್ಕೆ ಶೆಫ್ ಮಿಕೀಸ್ ತಿಂಡಿ, ಸಂಜೆ 7ಕ್ಕೆ ವಿಯಾ ನಾಪೊಲಿ.
ಅನಿಮಲ್ ಕಿಂಗ್‌ಡಮ್, ಹಾಲಿವುಡ್ ಸ್ಟುಡಿಯೋಸ್ ದಿನಗಳಿಗೆ ಇನ್ನೂ ಏನೂ ಇಲ್ಲ.

ಒಂದೊಂದನ್ನೇ ನೋಡಿದರೆ ಎಲ್ಲ ಚೆನ್ನಾಗಿದೆ. ಮ್ಯಾಪ್ ತೆಗೆದು ಒಟ್ಟಿಗೆ ನೋಡಿದರೆ ದಿನವೆಲ್ಲ ಬಸ್ ಸ್ಟಾಪಲ್ಲೇ ಕಳೆಯುವ ಹಾಗೆ ಕಾಣ್ತಿದೆ. ಅಪ್ಪನಿಗೆ ಶುಗರ್ ಇದೆ, ಮಾತ್ರೆ ತಗೊಂಡ ಮೇಲೆ ಊಟ ತಡ ಆಗೋ ಹಾಗಿಲ್ಲ. ಅಮ್ಮ ಮೊಟ್ಟೆಯನ್ನೂ ಮುಟ್ಟೋದಿಲ್ಲ, ಮಂಡಿ ನೋವು ಬೇರೆ, ತುಂಬ ಹೊತ್ತು ನಿಲ್ಲಲು ಆಗಲ್ಲ. ಮಗಳಿಗೆ ಮಿಕಿ ಜೊತೆ ಕೂತು ಒಂದು ಊಟ ಆಗಲೇಬೇಕು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಟ್ಯಾಂಪಾ_ಕನ್ನಡಿಗ

ಮೇಡಂ, ನಾನು ಇಲ್ಲೇ ಪಕ್ಕದ ಊರಲ್ಲಿರೋದು. ಊರಿಂದ ಯಾರೇ ಬಂದರೂ ಡಿಸ್ನಿಗೆ ಕರ್ಕೊಂಡು ಹೋಗುವ ಕೆಲಸ ನನ್ನದೇ. ನೀವು ಆರಿಸಿರುವ ಜಾಗಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಮೊದಲು ಟೇಬಲ್ ಹಿಡಿದು ಆಮೇಲೆ ದಾರಿ ಹುಡುಕಿದರೆ ಇಲ್ಲಿ ಯಾವಾಗಲೂ ಕಷ್ಟ. ಅವತ್ತು ನೀವು ಯಾವ ಪಾರ್ಕಲ್ಲಿ ಇರ್ತೀರೋ ಅಲ್ಲೇ, ಇಲ್ಲವೇ ಅಲ್ಲಿಂದ ಒಂದೇ ಸವಾರಿಯಲ್ಲಿ ತಲುಪುವ ಕಡೆ ಊಟ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಬುಕಿಂಗ್ ಸಾಕು. ಹಿರಿಯರು ಜೊತೆಗಿದ್ದರಂತೂ ಎರಡನೆಯದು ಬೇಡವೇ ಬೇಡ.

ಈಗ ಸನಾ ವಿಷಯ. ಮ್ಯಾಜಿಕ್ ಕಿಂಗ್‌ಡಮ್ ಒಂದು ಮೂಲೆ, ಲಾಡ್ಜ್ ಇನ್ನೊಂದು ಮೂಲೆ. ಲಾಡ್ಜ್‌ಗೆ ಮೋನೊರೈಲೂ ಇಲ್ಲ, ದೋಣಿಯೂ ಇಲ್ಲ, ಸ್ಕೈಲೈನರೂ ಇಲ್ಲ, ಬಸ್ಸೊಂದೇ. ಬಸ್ಸು ಸುಮಾರು 20 ನಿಮಿಷಕ್ಕೊಂದು ಅಂತ ಲೆಕ್ಕ ಹಿಡಿಯಿರಿ. ಪಾರ್ಕಿನ ಒಳಗಿಂದ ಗೇಟಿಗೆ ನಡೆಯಬೇಕು, ಬಸ್ಸಿಗೆ ಕಾಯಬೇಕು, ಆಮೇಲೆ ಪ್ರಯಾಣ. ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ಬಂದು ನೋಡಿದರೆ ಪಟಾಕಿಗೆ ಪಾರ್ಕಿನ ಮುಖ್ಯ ಬೀದಿ ಮೇನ್ ಸ್ಟ್ರೀಟ್ ತುಂಬಿ ಹೋಗಿರುತ್ತೆ, ಅಮ್ಮನಿಗೆ ಕೂರಲು ಜಾಗ ಸಿಗಲ್ಲ.

ಹಾಗಂತ ಸನಾ ಬಿಡಬೇಡಿ! ಅಮ್ಮನಿಗೆ ಇಡೀ ಡಿಸ್ನಿಯಲ್ಲಿ ಅದಕ್ಕಿಂತ ಒಳ್ಳೆಯ ಊಟ ಸಿಗೋದು ಕಷ್ಟ. ಅದನ್ನು ಅನಿಮಲ್ ಕಿಂಗ್‌ಡಮ್ ದಿನಕ್ಕೆ ಹಾಕಿ. ಆ ಪಾರ್ಕ್ ಉಳಿದವಕ್ಕಿಂತ ಬೇಗ ಮುಚ್ಚುತ್ತೆ, ಅಲ್ಲಿಂದ ಲಾಡ್ಜ್‌ಗೆ ಬಸ್ಸಲ್ಲಿ ಸ್ವಲ್ಪವೇ ದೂರ. ಬ್ರೆಡ್ ಸರ್ವಿಸ್ ಅಂತ ಕೇಳಿ. ನಾನ್ ತರದ ಬಿಸಿ ರೊಟ್ಟಿಗಳು, ಅದರ ಜೊತೆ ಪುಟ್ಟ ಪುಟ್ಟ ಬಟ್ಟಲಲ್ಲಿ ಒಂಬತ್ತು ಬಗೆ ನಂಚಿಕೊಳ್ಳೋಕೆ. ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಸೌತೆಕಾಯಿ ರಾಯತ, ಮಾವಿನ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ. ಅಮ್ಮ ಬೆಳ್ಳುಳ್ಳಿ ತಿನ್ನದಿದ್ದರೆ ಅದೊಂದನ್ನು ಪಕ್ಕಕ್ಕೆ ಇಡಲು ಹೇಳಿ, ರೊಟ್ಟಿ ಹಿಟ್ಟಿಗೆ ಮೊಟ್ಟೆ ಹಾಕ್ತಾರಾ ಅಂತಲೂ ಕೇಳಿಬಿಡಿ. ಕಿಟಕಿಯಾಚೆ ಹುಲ್ಲುಗಾವಲಲ್ಲಿ ಜಿರಾಫೆ, ಜೀಬ್ರಾ ಓಡಾಡ್ತಿರುತ್ತವೆ. ಜೂನಲ್ಲಿ ಎಂಟರ ತನಕ ಬೆಳಕಿರುತ್ತೆ, ಐದೂವರೆ ಟೇಬಲ್ ಸಿಕ್ಕರೆ ಊಟ ಮುಗಿಸಿ ಹೊರಗೆ ನಿಂತು ಪ್ರಾಣಿಗಳನ್ನು ನೋಡಲೂ ಸಮಯ ಉಳಿಯುತ್ತೆ. ನೆನಪಿಡಿ, ಲಾಡ್ಜ್‌ನಲ್ಲಿ ಎರಡು ಕಟ್ಟಡ ಇವೆ, ಸನಾ ಇರೋದು ಕಿಡಾನಿ ವಿಲೇಜ್‌ನಲ್ಲಿ, ಜಾಂಬೋ ಹೌಸ್‌ನಲ್ಲಲ್ಲ. ಬಸ್ಸಿಳಿಯುವಾಗ ಸ್ಟಾಪಿನ ಹೆಸರು ನೋಡಿಕೊಳ್ಳಿ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲ್ಲ. ಒಂದು ರೆಸಾರ್ಟಿಂದ ಇನ್ನೊಂದು ರೆಸಾರ್ಟಿಗೆ ನೇರ ಬಸ್ಸಿಲ್ಲ. ಸನಾದಿಂದ ಪಾಪ್ ಸೆಂಚುರಿಗೆ ವಾಪಸ್ ಬರಬೇಕಂದ್ರೆ ಡಿಸ್ನಿ ಸ್ಪ್ರಿಂಗ್ಸ್‌ಗೋ (ಅಂಗಡಿ, ಹೋಟೆಲ್‌ಗಳ ಜಾಗ) ಯಾವುದಾದರೂ ಪಾರ್ಕಿಗೋ ಹೋಗಿ ಬಸ್ ಬದಲಿಸಬೇಕು. ರಾತ್ರಿ ಹೊತ್ತು ಅಪ್ಪ ಅಮ್ಮನ ಜೊತೆ ಅದು ಬೇಡ. ಅದೊಂದು ಸವಾರಿಗೆ ಊಬರ್ ಕರೆಯಿರಿ. ಐದು ಜನ ಇದ್ದೀರಿ, ಸಾಮಾನ್ಯ ಊಬರ್ ಆಗಲ್ಲ, ಎಕ್ಸ್‌ಎಲ್ ಹಾಕಬೇಕು.

ಎಪ್ಕಾಟ್ ದಿನದ ಶೆಫ್ ಮಿಕೀಸ್ ಕೂಡ ಅದೇ ತೊಂದರೆ. ಅದು ಕಾಂಟೆಂಪರರಿ ರೆಸಾರ್ಟ್‌ನಲ್ಲಿದೆ. ಪಾಪ್‌ನಿಂದ ಮೊದಲು ಮ್ಯಾಜಿಕ್ ಕಿಂಗ್‌ಡಮ್ ಬಸ್ಸು, ಅಲ್ಲಿಂದ ನಡಿಗೆ, ತಿಂಡಿ ಆದ ಮೇಲೆ ಒಂದು ಮೋನೊರೈಲು, ಅದರಿಂದ ಇಳಿದು ಎಪ್ಕಾಟ್‌ಗೆ ಇನ್ನೊಂದು ಮೋನೊರೈಲು. ಎಪ್ಕಾಟ್ ಒಳಗೆ ಹೋಗೋ ಹೊತ್ತಿಗೆ ಬೆಳಗಿನ ತಂಪೆಲ್ಲ ಮುಗಿದಿರುತ್ತೆ. ಎರಡು ದಾರಿ ಇವೆ. ಒಂದು, ಶೆಫ್ ಮಿಕೀಸ್‌ನ ಮ್ಯಾಜಿಕ್ ಕಿಂಗ್‌ಡಮ್ ದಿನಕ್ಕೇ ತಂದು ಬಿ ಅವರ್ ಗೆಸ್ಟ್ ಬಿಟ್ಟುಬಿಡೋದು. ಇನ್ನೊಂದು, ಎಪ್ಕಾಟ್ ದಿನಕ್ಕೆ ರಿವಿಯೆರಾ ರೆಸಾರ್ಟ್‌ನ ಟೊಪೊಲಿನೋಸ್ ಟೆರೇಸ್ ತಿಂಡಿ. ಅಲ್ಲೂ ಮಿಕಿ, ಮಿನ್ನಿ, ಡೊನಾಲ್ಡ್, ಡೈಸಿ ಟೇಬಲ್ ಹತ್ತಿರ ಬರ್ತಾರೆ. ರಿವಿಯೆರಾ ಸ್ಕೈಲೈನರ್ ದಾರಿಯಲ್ಲೇ ಇದೆ. ಪಾಪ್‌ನಲ್ಲಿ ಹತ್ತಿ, ಕೆರಿಬಿಯನ್ ಬೀಚ್ ಸ್ಟೇಷನ್‌ನಲ್ಲಿ ಬದಲಿಸಿದರೆ ಮುಂದಿನ ಸ್ಟೇಷನ್ನೇ ಅದು. ತಿಂಡಿ ಮುಗಿಸಿ ಮತ್ತೆ ಹತ್ತಿದರೆ ನೇರ ಎಪ್ಕಾಟ್. ಅಲ್ಲಿ ಟೇಬಲ್ ಸಿಗೋದು ಕಷ್ಟ ನಿಜ, ಆದರೆ ಆ್ಯಪ್ ನೋಡ್ತಾ ಇರಿ. ಜಾಸ್ತಿ ಕಡೆ ಎರಡು ಗಂಟೆ ಮೊದಲು ರದ್ದು ಮಾಡಿದರೂ ದಂಡ ಇಲ್ಲ, ಹಾಗಾಗಿ ಹಿಂದಿನ ರಾತ್ರಿಯೂ ಟೇಬಲ್‌ಗಳು ಬಿಡುಗಡೆ ಆಗ್ತಿರುತ್ತವೆ.

ವಿಯಾ ನಾಪೊಲಿ ಇಟ್ಟುಕೊಳ್ಳಿ. ಸೌದೆ ಒಲೆಯ ಪಿಜ್ಜಾ, ಮಾರ್ಗರಿಟಾ ಅಮ್ಮನಿಗೂ ಆಗುತ್ತೆ.

ಹಾಸನದ_ಹುಡುಗಿ_ಎನ್‌ಜೆ

ಟ್ಯಾಂಪಾದವರು ಹೇಳಿದ್ದು ಸರಿ. ಆದರೆ ವಿಯಾ ನಾಪೊಲಿ ಬಗ್ಗೆ ಒಂದು ಮಾತು. ಎಪ್ಕಾಟ್‌ನಲ್ಲಿ ಒಂದು ಕೆರೆ ಸುತ್ತ ಒಂದೊಂದು ದೇಶದ ಹೆಸರಿನ ವಿಭಾಗಗಳಿವೆ, ವಿಯಾ ನಾಪೊಲಿ ಇರೋದು ಇಟಲಿಯಲ್ಲಿ. ಸ್ಕೈಲೈನರ್ ನಿಮ್ಮನ್ನು ಇಳಿಸೋದು ಎಪ್ಕಾಟ್‌ನ ಹಿಂಬಾಗಿಲಲ್ಲಿ, ಫ್ರಾನ್ಸ್ ಮತ್ತು ಯುಕೆ ಮಧ್ಯೆ. ಇಟಲಿ ಅಲ್ಲಿಂದ ಪಕ್ಕದಲ್ಲೇ ಇದೆ ಅಂದುಕೊಳ್ಳಬೇಡಿ. ಫ್ರಾನ್ಸ್, ಮೊರಾಕೊ, ಜಪಾನ್, ಅಮೆರಿಕ ದಾಟಿದ ಮೇಲೆ ಇಟಲಿ. ಆ ಕೆರೆ ಸುತ್ತಿನ ದಾರಿ ಪೂರ್ತಿ 1.9 ಕಿಲೋಮೀಟರ್. ಮಂಡಿ ನೋವಿರುವವರಿಗೆ ಅರ್ಧ ಸುತ್ತೂ ಕಷ್ಟವೇ, ಅದೂ ಊಟ ಮಾಡಿ ಅಷ್ಟೇ ದೂರ ವಾಪಸ್ ಬರಬೇಕು.

ಅಮ್ಮನಿಗೆ ವೀಲ್‌ಚೇರ್ ತಗೊಳ್ಳಿ. "ನನಗೇನೂ ಆಗಿಲ್ಲ, ನಡೀತೀನಿ" ಅಂತಾರೆ, ನಮ್ಮ ಅತ್ತೆಯೂ ಹಾಗೇ ಅಂದರು. ಬೇಕಾದಾಗ ಕೂತು ಬೇಡದಾಗ ತಳ್ಳಿಕೊಂಡು ನಡೆಯಿರಿ ಅಂತ ಹೇಳಿದ ಮೇಲೆ ಒಪ್ಪಿದರು. ಪಾರ್ಕಲ್ಲಿ ಬಾಡಿಗೆಗೆ ಸಿಗುವ ವೀಲ್‌ಚೇರ್ ಪಾರ್ಕಿನಿಂದಾಚೆ ತರುವ ಹಾಗಿಲ್ಲ, ಗೇಟಲ್ಲೇ ಕೊಟ್ಟು ಬರಬೇಕು. ಬಸ್ ಸ್ಟಾಪಿಗೂ ಲಾಡ್ಜ್‌ಗೂ ಬೇಕಂದ್ರೆ ಹೊರಗಿನ ಬಾಡಿಗೆಯವರಿಂದ ರೆಸಾರ್ಟಿಗೇ ತರಿಸಿಕೊಳ್ಳಿ. ಬಸ್ಸಿನಲ್ಲಿ ಡ್ರೈವರ್ ರ‍್ಯಾಂಪ್ ಇಳಿಸಿ ಹತ್ತಿಸ್ತಾರೆ, ಸ್ಕೈಲೈನರ್‌ನಲ್ಲೂ ಕ್ಯಾಬಿನ್ ನಿಲ್ಲಿಸಿ ಹತ್ತಿಸುವ ಜಾಗ ಬೇರೆ ಇದೆ.

ಜೂನ್ ಅಂದಿರಲ್ಲ, ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಅಲ್ಲಿ ದಿನನಿತ್ಯದ ಕಥೆ. ಮಿಂಚು ಹತ್ತಿರ ಬಂದರೆ ಸ್ಕೈಲೈನರ್ ನಿಲ್ಲಿಸ್ತಾರೆ. ಬದಲಿಗೆ ಬಸ್ಸು ಬಂದರೂ ಸಾಲು ದೊಡ್ಡದಿರುತ್ತೆ. ಸಂಜೆ 7ರ ಟೇಬಲ್ ಇದ್ದರೆ ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ 6ಕ್ಕೆ ಹೊರಡೋಣ ಅನ್ನೋ ಲೆಕ್ಕ ಬೇಡ. ಮೋಡ ಕಂಡರೆ ಐದಕ್ಕೇ ಎಪ್ಕಾಟ್ ಒಳಗೆ ಇರಿ. ಒಳಗೆ ಏಸಿ ಇರುವ ಜಾಗ ಬೇಕಾದಷ್ಟಿವೆ, ಅಪ್ಪ ಅಮ್ಮ ಕೂರಬಹುದು. ಟೇಬಲ್‌ಗೆ ಒಂದು ಹದಿನೈದು ನಿಮಿಷ ತಡವಾದರೆ ಸಾಮಾನ್ಯವಾಗಿ ಒಪ್ಪಿಕೊಳ್ತಾರೆ. ಅದಕ್ಕಿಂತ ಹೆಚ್ಚಾದರೆ ಹೇಳಕ್ಕಾಗಲ್ಲ.

ಕರಾವಳಿ_ಕಾಫಿ

ನಾನು ಸ್ವಲ್ಪ ಬೇರೆ ತರ ಹೇಳ್ತೀನಿ. ಶುಗರ್ ಇರುವವರ ಊಟವನ್ನು ಬುಕಿಂಗ್ ನಂಬಿ ಬಿಡಬೇಡಿ. ಟೇಬಲ್ 12:30 ಅಂದರೆ ತಟ್ಟೆ ಮುಂದೆ ಬರುವಾಗ 1:15 ಆಗಿರಬಹುದು. ಚೀಲದಲ್ಲಿ ಯಾವಾಗಲೂ ತಿನ್ನೋಕೆ ಏನಾದರೂ ಇರಲಿ. ಡಿಸ್ನಿ ಪಾರ್ಕಿನೊಳಗೆ ಮನೆ ತಿಂಡಿ ತರಲು ಬಿಡ್ತಾರೆ, ಗಾಜಿನ ಡಬ್ಬಿ ಮತ್ತು ಮದ್ಯ ಮಾತ್ರ ಬೇಡ. ಚಪಾತಿ ಸುತ್ತಿ ಒಳಗೆ ಚಟ್ನಿಪುಡಿ ತುಪ್ಪ ಸವರಿ ಫಾಯಿಲ್‌ನಲ್ಲಿ ಇಟ್ಟುಕೊಂಡರೆ ಸರದಿಯಲ್ಲಿ ನಿಂತೇ ತಿನ್ನಬಹುದು. ಪಾಪ್ ಸೆಂಚುರಿಯಲ್ಲಿ ರೂಮಲ್ಲಿ ಫ್ರಿಜ್ ಇದೆ, ಮೈಕ್ರೋವೇವ್ ಕೆಳಗೆ ಫುಡ್ ಕೋರ್ಟಲ್ಲಿದೆ. ಮೊಸರನ್ನಕ್ಕೆ ಇನ್ನೇನು ಬೇಕು? ಕುಡಿಯೋಕೆ ಐಸ್ ನೀರು ಕ್ವಿಕ್ ಸರ್ವಿಸ್ (ಬುಕಿಂಗ್ ಬೇಡದ) ಕೌಂಟರ್‌ಗಳಲ್ಲಿ ಕೇಳಿದರೆ ಪುಕ್ಕಟೆ ಕೊಡ್ತಾರೆ.

ಬಿ ಅವರ್ ಗೆಸ್ಟ್‌ನಲ್ಲಿ ಮೂರು ಕೋರ್ಸ್‌ನ ಸೆಟ್ ಮೆನು, ತಲೆಗೆ ಇಷ್ಟು ಅಂತ. ಅರಮನೆ ತರದ ಆ ಜಾಗ ನೋಡೋಕೆ ಚೆಂದ. ಆದರೆ ಅಮ್ಮ ಅಲ್ಲಿ ಅಷ್ಟು ದುಡ್ಡಿಗೆ ಎಷ್ಟು ತಿಂತಾರೆ ಯೋಚನೆ ಮಾಡಿ. ನಾನಾದರೆ ಅದನ್ನು ಬಿಡ್ತೀನಿ. ಆ್ಯಪ್‌ನಲ್ಲಿ ಮೊಬೈಲ್ ಆರ್ಡರ್ ಮಾಡಿ ಅಪ್ಪನ ಸಮಯಕ್ಕೆ ಸರಿಯಾಗಿ ಊಟ ಎತ್ತಿಕೊಳ್ಳಬಹುದು. ಮೆನುವಿನಲ್ಲಿ ಎಲೆ ಗುರುತು ಇದ್ದರೆ ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲ ಅಂತ. ಅನಿಮಲ್ ಕಿಂಗ್‌ಡಮ್‌ನಲ್ಲಿ ಸಟೂಲಿ ಕ್ಯಾಂಟೀನ್ ಅಂತ ಇದೆ, ಅನ್ನದ ಮೇಲೆ ಖಾರದ ತೋಫು ಹಾಕಿ ಕೊಡ್ತಾರೆ.

ತುಂಗಾತೀರ_ಡಲ್ಲಾಸ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಈಗಷ್ಟೇ ಸನಾವನ್ನು ಅನಿಮಲ್ ಕಿಂಗ್‌ಡಮ್ ದಿನ 5:20ಕ್ಕೆ ಬದಲಿಸಿದೆ, ಸಿಕ್ಕಿತು! ಬಿ ಅವರ್ ಗೆಸ್ಟ್ ತೆಗೆದೆ. ಟೊಪೊಲಿನೋಸ್ ಇನ್ನೂ ಸಿಕ್ಕಿಲ್ಲ. ಹಾಗಾಗಿ ಶೆಫ್ ಮಿಕೀಸ್‌ನ ಮ್ಯಾಜಿಕ್ ಕಿಂಗ್‌ಡಮ್ ದಿನಕ್ಕೆ ಹಾಕೋಣ ಅಂತಿದ್ದೇನೆ. ಬೆಳಿಗ್ಗೆ ತಿಂಡಿನಾ, ಸಂಜೆ ಊಟನಾ? ಪಟಾಕಿ ಮುಗಿದ ಮೇಲೆ ವಾಪಸ್ ಬರುವಾಗ ಬಸ್ಸಿಗೆ ತುಂಬ ನಿಲ್ಲಬೇಕಾ?

ಟ್ಯಾಂಪಾ_ಕನ್ನಡಿಗ

ಸಂಜೆ ಐದಕ್ಕೆ ಹಾಕಿ. ಬೆಳಿಗ್ಗೆ ಗೇಟ್ ತೆಗೆದಾಗಿನ ಎರಡು ಗಂಟೆ ಬಂಗಾರದಂಥ ಸಮಯ, ರೆಸಾರ್ಟ್‌ನವರಿಗೆ ಅರ್ಧ ಗಂಟೆ ಮೊದಲೇ ಒಳಗೆ ಬಿಡ್ತಾರೆ. ಅದನ್ನು ತಿಂಡಿಗೆ ಕಳೀಬೇಡಿ. ಮಧ್ಯಾಹ್ನ ಒಂದಕ್ಕೆ ಅಪ್ಪನ ಊಟ ಮುಗಿಸಿ ರೂಮಿಗೆ ಹೋಗಿ ಮಲಗಿ. ನಾಲ್ಕಕ್ಕೆ ಮ್ಯಾಜಿಕ್ ಕಿಂಗ್‌ಡಮ್ ಬಸ್ಸು ಹಿಡಿಯಿರಿ, ಗೇಟ್ ಹತ್ತಿರವೇ ಇಳಿಸುತ್ತೆ, ಕಾಂಟೆಂಪರರಿಗೆ ಅಲ್ಲಿಂದ ಹತ್ತು ನಿಮಿಷದ ಕಾಲುದಾರಿ. ಮೋನೊರೈಲಲ್ಲಿ ಹೋದರೂ ಮುಂದಿನ ಸ್ಟೇಷನ್ನೇ. ಆದರೆ ವಾಪಸ್ ಬರುವಾಗ ಮೋನೊರೈಲು ಹತ್ತಿದರೆ ಅದು ಒಂದೇ ದಿಕ್ಕಲ್ಲಿ ಸುತ್ತೋದು, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ರೆಸಾರ್ಟ್‌ಗಳನ್ನೆಲ್ಲ ದಾಟಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಬರುತ್ತೆ. ಅಮ್ಮನ್ನ ವೀಲ್‌ಚೇರಲ್ಲಿ ಕೂರಿಸಿ ಕಾಲುದಾರಿಯಲ್ಲೇ ಬನ್ನಿ, ಬೇಗ ಆಗುತ್ತೆ. ಅದಕ್ಕೆ ಹೊರಗಿನ ಬಾಡಿಗೆ ವೀಲ್‌ಚೇರೇ ಬೇಕು, ಹಾಸನದವರು ಹೇಳಿದ ಹಾಗೆ.

ಪಟಾಕಿ ಮುಗಿದ ತಕ್ಷಣ ಎಲ್ಲರೂ ಗೇಟಿಗೆ ನುಗ್ತಾರೆ. ನೀವು ನುಗ್ಗಬೇಡಿ. ಮೇನ್ ಸ್ಟ್ರೀಟ್ ಅಂಗಡಿಗಳು ತೆರೆದೇ ಇರುತ್ತವೆ, ಮಗಳಿಗೆ ಏನಾದರೂ ಕೊಡಿಸ್ತಾ ಒಂದು ಅರ್ಧ ಗಂಟೆ ಒಳಗೇ ಇರಿ. ಅಪ್ಪ ಐದಕ್ಕೇ ಊಟ ಮಾಡಿರ್ತಾರೆ, ಅಷ್ಟೊತ್ತಿಗೆ ಹಸಿವಾಗಿರುತ್ತೆ, ಆ ಚಪಾತಿ ಸುರುಳಿ ಆಗ ಕೊಡಿ. ಆಮೇಲೆ ಬಸ್ಸಿಗೆ ಹೋದರೆ ಕೂರಲು ಸೀಟೂ ಸಿಗಬಹುದು.