ಮೈಸೂರಿನಲ್ಲಿ ಓದುವ ಜರ್ಮನಿಯ ವಿದ್ಯಾರ್ಥಿನಿ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಮನೆಗೆ ಬರುತ್ತಿದ್ದಾಳೆ: ಏನೇನು ಸಿದ್ಧ ಮಾಡಬೇಕು?

ಪ್ರಶ್ನೆ
ಮಗಳ ಸಹಪಾಠಿ. ವಿರಾಜಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಮೂರು ರಾತ್ರಿ ಇರುತ್ತಾಳೆ. ಮಾಂಸ, ಹಾಲು, ತುಪ್ಪ ಯಾವುದೂ ಆಗದು. ಪಂದಿ ಕರಿ (ಹಂದಿಮಾಂಸದ ಪದಾರ್ಥ) ಇಲ್ಲದೆ ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬಡಿಸುವುದು ಹೇಗೆ? ಕಾಗದಪತ್ರದ ಕೆಲಸ ಏನಾದರೂ ಇದೆಯೇ?

ಉತ್ತರ 1
ಕಾಗದದ್ದು ಮೊದಲು. ವಿದೇಶಿಯರು ಮನೆಯಲ್ಲಿ ತಂಗಿದರೂ 24 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಜನ ಅದನ್ನು ಸಿ ಫಾರಂ ಅಂತಾರೆ. ಹೋಂಸ್ಟೇಗೆ ಮಾತ್ರ ಅಂದುಕೊಂಡು ಸುಮ್ಮನಿರಬೇಡಿ. ಮನೆಯ ಹೆಸರಲ್ಲಿ ಲಾಗಿನ್ ಬೇಕಾಗುತ್ತದೆ, ಅದನ್ನು ಅವಳು ಬರುವ ಮೊದಲೇ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾದ ಫೋಟೋವನ್ನೂ ಮೊದಲೇ ತರಿಸಿಕೊಳ್ಳಿ. ಕೊಡಗಿಗೆ ರೈಲಿಲ್ಲ, ಬಸ್ಸೇ ಗತಿ. ಕತ್ತಲಾಗುವ ಮುಂಚೆ ಇಳಿಯುವ ಬಸ್ಸು ಹೇಳಿ, ಸಂಜೆಯ ಮೇಲೆ ತೋಟದ ದಾರಿಯಲ್ಲಿ ಆನೆ ಇರಬಹುದು.

ಉತ್ತರ 2
ಕಡಂಬುಟ್ಟಿಗೆ 1 ಲೋಟ ಅಕ್ಕಿತರಿ, 2 ಲೋಟ ನೀರು, ಉಪ್ಪು, ಚಿಟಿಕೆ ಏಲಕ್ಕಿ. ತರಿ ತೊಳೆದು ಕುದಿಯುವ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಮಗುಚಿ. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, 20 ನಿಮಿಷ ಆವಿಯಲ್ಲಿ ಬೇಯಿಸಿ. ತಣ್ಣಗಾದ ಮೇಲೆ ಕಟ್ಟಿದರೆ ಬಿರುಕು ಬಿಡುತ್ತೆ, ನೀರು ಹೆಚ್ಚಾದರೆ ಅಂಟಂಟು, ಕಡಿಮೆಯಾದರೆ ಒಳಗೆ ತರಿ ತರಿಯಾಗೇ ಉಳಿಯುತ್ತೆ. ತುಪ್ಪ ಮೇಲೆ ಹಾಕುವುದು ತಾನೇ, ಬಿಟ್ಟರಾಯಿತು.

ಪಾಪುಟ್ಟಿಗೆ (ತಟ್ಟೆಯಲ್ಲಿ ಸುರಿದು ಆವಿಯಲ್ಲಿ ಬೇಯಿಸುವ ಅಕ್ಕಿತರಿ ತಿಂಡಿ) ಹಾಲಿನ ಬದಲು ತೆಂಗಿನಹಾಲು ನಡೆಯುತ್ತದೆ. ತರಿ, ತೆಂಗಿನಹಾಲು, ನೀರು ಒಂದೊಂದು ಲೋಟ, ತೆಂಗಿನತುರಿ ಅರ್ಧ. ತಟ್ಟೆಗೆ ಸುರಿಯುವಾಗ ಕಲಕದಿದ್ದರೆ ತರಿ ತಳದಲ್ಲಿ ಕೂರುತ್ತೆ.

ಉತ್ತರ 3
ಪಲ್ಯಕ್ಕೆ ಕಣಿಲೆ (ಬಿದಿರಿನ ಮೊಳಕೆ) ಅಂತ ಯಾರಾದರೂ ಹೇಳಿಯಾರು. ಎಳೆ ಕಣಿಲೆ ಮಳೆಗಾಲದ್ದು, ಪುತ್ತರಿ ಹೊತ್ತಿಗೆ ಉಪ್ಪುನೀರಿನಲ್ಲಿಟ್ಟದ್ದೇ ಸಿಗುವುದು. ರಾತ್ರಿ ನೆನೆಸಿ, ಎರಡು ಸಲ ನೀರು ಬದಲಿಸದಿದ್ದರೆ ಉಪ್ಪು ಬಾಯಿ ಸುಡುತ್ತೆ. ಪಂದಿ ಕರಿಯ ಮಸಾಲೆಯನ್ನೇ ಅಣಬೆಗೆ ಹಾಕಿ: ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಣಸು ಕಪ್ಪಾಗುವಷ್ಟು ಹುರಿದು ಪುಡಿ ಮಾಡಿ. ಸೀದರೆ ಕಹಿ, ಹಾಗಾಗಿ ಪಾತ್ರೆ ಬಿಟ್ಟು ಕದಲಬೇಡಿ. ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಹುಳಿ) ಒಲೆ ಆರಿಸುವ ಮುಂಚೆ, ಅರ್ಧ ಕೆಜಿ ಅಣಬೆಗೆ ಅರ್ಧ ಚಮಚ. ಆ ಕಪ್ಪು ಹುಳಿ ನಿಂಬೆಹಣ್ಣಿನಿಂದ ಬಾರದು.

ಒಂದು ಮಾತು, ನಾವು 'ಇನ್ನೊಂದು ಹಾಕಿ' ಅಂತ ಬಡಿಸುತ್ತಲೇ ಇರುತ್ತೇವೆ. ತಟ್ಟೆಯಲ್ಲಿ ಬಿಡುವುದು ಅವಳಿಗೆ ಮುಜುಗರವಾಗಬಹುದು. ಉಂಡೆ ಚಿಕ್ಕದಾಗಿ ಕಟ್ಟಿ, ಬಟ್ಟಲನ್ನು ಅವಳ ಮುಂದೆಯೇ ಇಡಿ.

ಪ್ರಶ್ನೆ ಕೇಳಿದವರು
ತಂಬಿಟ್ಟಿಗೆ?

ಉತ್ತರ 2
ಹುರಿದ ಅಕ್ಕಿಹಿಟ್ಟು, ಚೆನ್ನಾಗಿ ಮಾಗಿದ ಬಾಳೆಹಣ್ಣು, ತೆಂಗಿನತುರಿ, ಎಳ್ಳು. ಹಣ್ಣಿನ ತೇವದಲ್ಲೇ ಹಿಟ್ಟು ಕಲಸಿ, ನೀರು ಬೇಡ. ತುಪ್ಪ ಮನೆಯವರ ಪಾಲಿಗೆ ಬೇರೆ.