ಸಹಾಯ ಬೇಕು: ಸಕ್ಕರೆ ಕಾಯಿಲೆ ಇರೋ ಅಮ್ಮನಿಗೆ 16:8 ಉಪವಾಸ ಸರಿಯೋ, 14:10 ಸರಿಯೋ?

ನಮಸ್ಕಾರ. ಅಮ್ಮನಿಗೆ 58 ವರ್ಷ, ಟೈಪ್ 2 ಡಯಾಬಿಟಿಸ್. ತೂಕ ಇಳಿಸೋಕೆ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಮಾಡ್ತೀನಿ, ಅದೂ 16:8 (ದಿನದಲ್ಲಿ 16 ಗಂಟೆ ಉಪವಾಸ, ಉಳಿದ 8 ಗಂಟೆಯೊಳಗೆ ಊಟ-ತಿಂಡಿ) ಅಂತ ಹಟ ಹಿಡಿದಿದ್ದಾರೆ. ಏಕಾದಶಿ ಉಪವಾಸ ಮೊದಲಿಂದ ರೂಢಿ, ಹಸಿವು ತಡೀತಾರೆ. ನನ್ನ ಭಯ ಮಾತ್ರೆಯದ್ದು. ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಇದೆ. ಅದನ್ನ ತಗೊಂಡು ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದುಬಿಡಬಹುದು. ಮೊನ್ನೆ ತಿಂಡಿ ತಡವಾಗಿದ್ದಕ್ಕೇ ಬೆವರಿ, ಕೈ ನಡುಗಿ, ನೀರಿನ ಲೋಟ ಹಿಡಿಯೋಕಾಗಲಿಲ್ಲ.

ಬೆಳಿಗ್ಗೆ 8ಕ್ಕೆ ತಿಂಡಿ, ಸಂಜೆ 6ರೊಳಗೆ ಮುದ್ದೆ, ಸೊಪ್ಪಿನ ಸಾರು ಮುಗಿಸಿ 14:10 ಮಾಡಿಸೋಣ ಅಂತ ನನ್ನ ಯೋಚನೆ. ಡಾಕ್ಟರನ್ನ ಕೇಳದೆ ಖಂಡಿತ ಶುರು ಮಾಡಲ್ಲ. ಇದೇ ಮಾತ್ರೆ ತಗೊಳ್ಳೋರು ಯಾರಾದ್ರೂ ಮಾಡಿದ್ದೀರಾ? ನಿಮ್ಮ ಡಾಕ್ಟರ್ ಡೋಸ್ ಬದಲಾಯಿಸಿದ್ರಾ? ಅವರ ಹತ್ರ ಏನೇನು ಕೇಳಬೇಕು, ದಯವಿಟ್ಟು ತಿಳಿಸಿ.